ಚಿಕ್ಕ ನಿಸ್ತಂತು ಉಪಕರಣದಲ್ಲಿ ಆಂಟೆನಾ ಮತ್ತು ಪವರ್ ಆಂಪ್ಲಿಫೈಯರ್ ಜೋಡಿಸುವ ಕ್ರಮ: ತೊಗರಿ ಹೊಲದ ನೋಡ್ ಒಂದರ ಉದಾಹರಣೆ

ಜೇವರ್ಗಿ ಕಡೆಯ ಎರೆ ಹೊಲದಲ್ಲಿ ಮಣ್ಣಿನ ತೇವ ಅಳೆದು, ಕೆಲವು ಕಿಲೋಮೀಟರ್ ದೂರದಲ್ಲಿ ಹಲವು ಪೆಟ್ಟಿಗೆಗಳ ಸುದ್ದಿಯನ್ನು ಸಂಗ್ರಹಿಸುವ ರೇಡಿಯೊ ಕೇಂದ್ರವಾದ ಗೇಟ್‌ವೇಗೆ ಸುದ್ದಿ ಕಳುಹಿಸುವ ಅಂಗೈಯಗಲದ ಪೆಟ್ಟಿಗೆಯೊಂದನ್ನು, ಅಂದರೆ ನೋಡ್ ಒಂದನ್ನು, ಕಟ್ಟಬೇಕಾಗಿದೆ ಎಂದು ಇಟ್ಟುಕೊಳ್ಳೋಣ. ಬೋರ್ಡಿನ ಅಳತೆ 50 ಮಿ.ಮೀ. ಉದ್ದ, 35 ಮಿ.ಮೀ. ಅಗಲ, ಒಳಗೆ ಲೋರಾ (ಕಡಿಮೆ ಪವರಿನಲ್ಲಿ ದೂರಕ್ಕೆ ಸಣ್ಣ ಸುದ್ದಿ ಕಳುಹಿಸುವ ವಿಧಾನ) ರೇಡಿಯೊ ಚಿಪ್, ಒಂದು ಬ್ಯಾಟರಿ, ಹೊರಗೆ ಮಣ್ಣಿಗಿಳಿಯುವ ಸೆನ್ಸರ್ ತಂತಿ. ಸುದ್ದಿ ತಲುಪದಿದ್ದಾಗ ಬಹಳ ಜನ ಮೊದಲು ಮಾಡುವ ಕೆಲಸ ಸಂಕೇತವನ್ನು ಹಿಗ್ಗಿಸುವ ಇನ್ನೂ ಬಲವಾದ ಪವರ್ ಆಂಪ್ಲಿಫೈಯರ್ ಹುಡುಕುವುದು. ಕಲಬುರಗಿಯ ವಿದ್ಯಾರ್ಥಿಗಳ ಜೊತೆ ಇಂಥ ಬೋರ್ಡುಗಳನ್ನು ಮಾಡುತ್ತಾ ಬಂದ ಮೇಲೆ ನಾನು ಈ ಕ್ರಮವನ್ನು ತಿರುಗಿಸಿದ್ದೇನೆ: ಮೊದಲು ಆಂಟೆನಾವನ್ನು ಅದರ ನಿಜವಾದ ಪೆಟ್ಟಿಗೆಯಲ್ಲೇ ಅಳೆದು ಸರಿಪಡಿಸಬೇಕು, ಎಷ್ಟು ಪವರ್ ಬೇಕೆಂಬುದನ್ನು ಅದಾದ ಮೇಲೆಯೇ ನಿರ್ಧರಿಸಬೇಕು, ಕೊನೆಗೆ ಇವೆರಡನ್ನೂ ಒಂದೇ ಭಾಗವೆಂದು ಭಾವಿಸಿ ಪರೀಕ್ಷಿಸಬೇಕು.

ಇದಕ್ಕೆ ಕಾರಣ ಸರಳ ಲೆಕ್ಕದಲ್ಲಿದೆ. ಆಂಟೆನಾದ ದಕ್ಷತೆ ಶೇ. 25ರಿಂದ ಶೇ. 50ಕ್ಕೆ ಏರಿದರೆ 3 ಡೆಸಿಬೆಲ್, ಅಂದರೆ ಇಮ್ಮಡಿ, ಲಾಭ ಸಿಗುತ್ತದೆ, ಮತ್ತು ಆ ಲಾಭ ಕಳುಹಿಸುವಾಗಲೂ ಕೇಳಿಸಿಕೊಳ್ಳುವಾಗಲೂ ಸಿಗುತ್ತದೆ. ಅದೇ 3 ಡೆಸಿಬೆಲ್ಲನ್ನು ಆಂಪ್ಲಿಫೈಯರಿನಿಂದ ಪಡೆಯಲು 158 ಮಿಲಿವ್ಯಾಟ್ ಇದ್ದ ಪವರನ್ನು 316ಕ್ಕೆ ಏರಿಸಬೇಕು. ಬ್ಯಾಟರಿಯ ಮೇಲಿನ ಭಾರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಪೆಟ್ಟಿಗೆ ಬಿಸಿಯಾಗುತ್ತದೆ, ಗೇಟ್‌ವೇ ಕಳುಹಿಸುವ ಉತ್ತರವನ್ನು ಕೇಳುವ ಶಕ್ತಿ ಮಾತ್ರ ಇದ್ದಲ್ಲೇ ಇರುತ್ತದೆ.

ಮಿತಿಗಳನ್ನು ಮೊದಲು ಬರೆದುಕೊಳ್ಳುವುದು

ಭಾರತದಲ್ಲಿ ಇಂಥ ಉಪಕರಣಗಳಿಗೆ ಪರವಾನಗಿಯಿಲ್ಲದೆ ಬಳಸಬಹುದಾದ ಆವೃತ್ತಿ ಪಟ್ಟಿ (ಬ್ಯಾಂಡ್) ಮೊದಲು 865ರಿಂದ 867 ಮೆಗಾಹರ್ಟ್ಸ್ ಇತ್ತು. ಮುಂದೆ 2021ರ ನಿಯಮಗಳಲ್ಲಿ ಇದನ್ನು 868ರವರೆಗೆ ವಿಸ್ತರಿಸಲಾಯಿತು. ಟ್ರಾನ್ಸ್‌ಮಿಟರಿನ ಪವರ್ 1 ವ್ಯಾಟ್ ಮೀರಬಾರದು, ಆಂಟೆನಾದಿಂದ ಹೊರಹೊಮ್ಮುವ ಪರಿಣಾಮಕಾರಿ ಪವರ್ 4 ವ್ಯಾಟ್ ಮೀರಬಾರದು, ವಾಹಕದ ಅಗಲ 200 ಕಿಲೋಹರ್ಟ್ಸ್ ಒಳಗಿರಬೇಕು. ಮಾರಾಟಕ್ಕೆ ಇಡುವ ಉಪಕರಣಕ್ಕೆ ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಮಾದರಿ ಅನುಮೋದನೆ ಬೇಕು. ಇಂಟರ್ನೆಟ್ಟಿನಲ್ಲಿ ಸಿಗುವ ಬಹಳಷ್ಟು ಬೋರ್ಡ್ ವಿನ್ಯಾಸಗಳು ಅಮೆರಿಕದ 915 ಮೆಗಾಹರ್ಟ್ಸ್ ಪಟ್ಟಿಗೆ ಮಾಡಿದವು. ಅದರ ಆಂಟೆನಾ ಮತ್ತು ಫಿಲ್ಟರುಗಳನ್ನು ಹಾಗೆಯೇ ಎತ್ತಿ ಇಲ್ಲಿ ಇಟ್ಟರೆ ಮೊದಲ ದಿನವೇ ನಷ್ಟದಲ್ಲಿರುತ್ತೇವೆ.

866 ಮೆಗಾಹರ್ಟ್ಸಿನಲ್ಲಿ ಗಾಳಿಯಲ್ಲಿನ ತರಂಗದೂರ ಸುಮಾರು 346 ಮಿ.ಮೀ.; ಅದರ ಕಾಲುಭಾಗ 87 ಮಿ.ಮೀ. ಈ ಕೊನೆಯ ಸಂಖ್ಯೆಯನ್ನು ಮೇಜಿನ ಮುಂದೆ ಬರೆದು ಅಂಟಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ನಮ್ಮ ಬೋರ್ಡಿನ ಉದ್ದ ಅದಕ್ಕಿಂತ ಕಡಿಮೆ, ಮತ್ತು ಮುಂದಿನ ತೊಂದರೆಗಳಲ್ಲಿ ಅರ್ಧದಷ್ಟು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಬೋರ್ಡೇ ಆಂಟೆನಾದ ಇನ್ನೊಂದು ಅರ್ಧ

ಕಾಲು ತರಂಗದೂರದ ಯಾವುದೇ ಆಂಟೆನಾ, ಅದು ನೆಟ್ಟಗೆ ನಿಂತ ತಂತಿಯಾಗಿರಲಿ, ಸ್ಪ್ರಿಂಗ್ ಆಗಿರಲಿ, ಬೋರ್ಡಿನ ಮೇಲೆ ಮುದ್ರಿಸಿದ ತಲೆಕೆಳಗಾದ ಎಫ್ ಆಕಾರವಾಗಿರಲಿ ಅಥವಾ ಸೆರಾಮಿಕ್ ಚಿಪ್ ಆಗಿರಲಿ, ತನ್ನ ಕೆಲಸದ ಅರ್ಧವನ್ನು ಬೋರ್ಡಿನ ತಾಮ್ರದ ಹಾಸಾದ ಗ್ರೌಂಡ್ ಪ್ಲೇನಿನಿಂದ ಮಾಡಿಸಿಕೊಳ್ಳುತ್ತದೆ. ತಂತಿಯಲ್ಲಿ ಹರಿಯುವಷ್ಟೇ ಪ್ರವಾಹ ಬೋರ್ಡಿನ ತಾಮ್ರದಲ್ಲೂ ಎದುರು ದಿಕ್ಕಿನಲ್ಲಿ ಹರಿಯುತ್ತದೆ. ಚಿಪ್ ಆಂಟೆನಾ ತಯಾರಕರು ತಮ್ಮ ಹಾಳೆಯಲ್ಲಿ ಕೊಡುವ ದಕ್ಷತೆ ಅವರದೇ ಪರೀಕ್ಷಾ ಬೋರ್ಡಿನ ಮೇಲೆ ಅಳೆದದ್ದು, ಮತ್ತು ಆ ಬೋರ್ಡು ಸಾಮಾನ್ಯವಾಗಿ ನಮ್ಮದಕ್ಕಿಂತ ಬಹಳ ಉದ್ದವಾಗಿರುತ್ತದೆ. ಅದೇ ಚಿಪ್ 50 ಮಿ.ಮೀ. ಬೋರ್ಡಿಗೆ ಬಂದಾಗ ಹಾಳೆಯಲ್ಲಿನ ಅಂಕಿ ಅರ್ಧಕ್ಕಿಳಿದರೆ ಆಶ್ಚರ್ಯಪಡಬಾರದು. ಸಣ್ಣ ಆಂಟೆನಾದ ಗಾತ್ರ, ದಕ್ಷತೆ, ಪಟ್ಟಿಯ ಅಗಲ ಈ ಮೂರನ್ನೂ ಒಟ್ಟಿಗೆ ಪಡೆಯಲಾಗದು ಎಂಬುದನ್ನು 1947ರಲ್ಲಿ ಹೆರಾಲ್ಡ್ ವೀಲರ್, 1948ರಲ್ಲಿ ಲಾನ್ ಜೆನ್ ಚು ಗಣಿತದಿಂದಲೇ ತೋರಿಸಿದ್ದರು. ಯಾವ ಕಂಪನಿಯ ಚಿಪ್ ಆದರೂ ಆ ಮಿತಿಯನ್ನು ದಾಟುವುದಿಲ್ಲ.

ಆದ್ದರಿಂದ ಹೊಲದ ಉಪಕರಣಕ್ಕೆ ನನ್ನ ಮೊದಲ ಆಯ್ಕೆ, ಪೆಟ್ಟಿಗೆಯಲ್ಲಿ ಎತ್ತರ ಸಿಕ್ಕುವುದಾದರೆ, ಸಾದಾ ತಂತಿಯೇ. ಎತ್ತರವಿಲ್ಲದಿದ್ದರೆ ಬೋರ್ಡಿನ ಗಿಡ್ಡ ಅಂಚಿನಿಂದ ಹೊರಟು ಪೆಟ್ಟಿಗೆಯ ಒಳಗೋಡೆಯ ಉದ್ದಕ್ಕೂ ಬಾಗಿದ ತಂತಿ ಅಥವಾ ಸ್ಪ್ರಿಂಗ್. ಚಿಪ್ ಆಂಟೆನಾ ಕೊನೆಯ ಆಯ್ಕೆ. ಯಾವುದೇ ಆದರೂ ಅದನ್ನು ಉದ್ದನೆಯ ಬದಿಯ ನಡುವೆ ಇಡಬಾರದು. ಗಿಡ್ಡ ಅಂಚಿನ ಮೂಲೆಯಲ್ಲಿ ಇಟ್ಟರೆ ಬೋರ್ಡಿನ ಪೂರ್ಣ ಉದ್ದ ಪ್ರವಾಹಕ್ಕೆ ಸಿಗುತ್ತದೆ. ಆಂಟೆನಾದ ಕೆಳಗೆ ಎಲ್ಲ ಪದರಗಳಲ್ಲೂ ತಾಮ್ರವನ್ನು ತೆಗೆಯಬೇಕು. ಬ್ಯಾಟರಿಯನ್ನು ಎದುರು ತುದಿಗೆ ತಳ್ಳಿ, ಅದರ ಲೋಹದ ಮೈ ಗ್ರೌಂಡ್ ಪ್ಲೇನಿನ ಮೇಲೇ ಇರುವಂತೆ ನೋಡಿಕೊಳ್ಳಬೇಕು.

ಸೆನ್ಸರ್ ತಂತಿಯ ವಿಷಯವನ್ನು ಇಲ್ಲೇ ಹೇಳಬೇಕು, ಏಕೆಂದರೆ ನಾನು ಹೆಚ್ಚು ದಿನ ಕಳೆದುಕೊಂಡದ್ದು ಅದರಲ್ಲೇ. ಮಣ್ಣಿಗಿಳಿಯುವ ಒಂದು ಮೀಟರಿನ ತಂತಿಯ ಗ್ರೌಂಡ್ ಎಳೆ ಬೋರ್ಡಿನ ಗ್ರೌಂಡಿಗೇ ಸೇರಿರುತ್ತದೆ. ರೇಡಿಯೊ ಆವೃತ್ತಿಯಲ್ಲಿ ಅದು ಗ್ರೌಂಡ್ ಪ್ಲೇನಿನ ಮುಂದುವರಿಕೆಯೇ ಆಗಿ ಆಂಟೆನಾದ ಭಾಗವಾಗಿಬಿಡುತ್ತದೆ. ಒಣ ಮಣ್ಣಿನಲ್ಲಿ ಸರಿಯಾಗಿದ್ದ ನೋಡ್ ಮಳೆ ಬಂದ ಮೇಲೆ ಮೌನವಾದರೆ ಕಾರಣ ಬಹುಪಾಲು ಇದೇ. ತಂತಿ ಬೋರ್ಡಿಗೆ ಸೇರುವ ಜಾಗದಲ್ಲಿಯೇ ಗ್ರೌಂಡ್ ಎಳೆಗೂ ಸಂಕೇತದ ಎಳೆಗೂ 866 ಮೆಗಾಹರ್ಟ್ಸಿನಲ್ಲಿ ಹೆಚ್ಚು ತಡೆ ಒಡ್ಡುವ ಫೆರೈಟ್ ಮಣಿ ಅಥವಾ ಇಂಡಕ್ಟರ್ ಹಾಕಿದರೆ ತಂತಿ ಆಂಟೆನಾದಿಂದ ಬೇರ್ಪಡುತ್ತದೆ. ಜೊತೆಗೆ, ತೇವದ ಅಳತೆಯನ್ನು ಪ್ರಸಾರಕ್ಕಿಂತ ಮೊದಲೇ ತೆಗೆದುಕೊಂಡು ಮುಗಿಸಬೇಕು. ಪ್ರಸಾರದ ಹೊತ್ತಿನಲ್ಲಿ ಓದಿದ ಅನಲಾಗ್ ಅಂಕಿ ನಂಬಿಕೆಗೆ ಅರ್ಹವಲ್ಲ.

ಆಂಟೆನಾ ಅಳೆಯುವುದು

ಅಳತೆಗೆ ನ್ಯಾನೊವಿಎನ್ಎ ಎಂಬ, ಆಂಟೆನಾದಿಂದ ಹಿಂದಿರುಗುವ ಸಂಕೇತವನ್ನು ಅಳೆಯುವ ಸಣ್ಣ ಉಪಕರಣ ಸಾಕು. ಆದರೆ ಅದರ ಮೊದಲ ಮಾದರಿ 900 ಮೆಗಾಹರ್ಟ್ಸಿಗೇ ನಿಲ್ಲುತ್ತದೆ, 866 ಅದರ ಅಂಚಿನಲ್ಲಿದೆ, 1.5 ಗಿಗಾಹರ್ಟ್ಸ್ ಅಥವಾ ಅದಕ್ಕಿಂತ ಮೇಲೆ ಹೋಗುವ ಮಾದರಿಯನ್ನು ಕೊಳ್ಳುವುದು ಜಾಣತನ. ತೆಳುವಾದ ಕೋಆಕ್ಸ್ ತುಂಡೊಂದನ್ನು ಬೋರ್ಡಿಗೆ ಬೆಸೆದು, ಅದರ ಹೊರಕವಚವನ್ನು ಆಂಟೆನಾದಿಂದ ದೂರದಲ್ಲಿ ಗ್ರೌಂಡಿಗೆ ಸೇರಿಸಿ, ಕೇಬಲ್ ಬೋರ್ಡನ್ನು ಬಿಡುವ ಜಾಗದಲ್ಲಿ ಎರಡು ಮೂರು ಫೆರೈಟ್ ಮಣಿ ಪೋಣಿಸಬೇಕು. ಮಣಿ ಇಲ್ಲದಿದ್ದರೆ ಕೇಬಲ್ಲೇ ಆಂಟೆನಾ ಆಗುತ್ತದೆ. ಕೇಬಲ್ಲನ್ನು ಕೈಯಲ್ಲಿ ಹಿಡಿದಾಗ ಪರದೆಯ ಮೇಲಿನ ಗೆರೆ ಅಲುಗಾಡಿದರೆ ಆ ಅಳತೆಯನ್ನು ಬಿಸಾಡಬೇಕು. ಕ್ಯಾಲಿಬ್ರೇಷನ್ ಕನೆಕ್ಟರಿನ ತುದಿಯಲ್ಲಿ ಮಾಡಿ, ನಂತರ ಆಂಟೆನಾ ತೆಗೆದ ಖಾಲಿ ಪ್ಯಾಡಿನಲ್ಲಿ ಸ್ಮಿತ್ ಚಾರ್ಟಿನ (ತಡೆಯನ್ನು ವೃತ್ತದೊಳಗೆ ತೋರಿಸುವ ನಕ್ಷೆಯ) ಚುಕ್ಕಿ ಬಲತುದಿಗೆ ಬಂದು ನಿಲ್ಲುವವರೆಗೆ ವಿದ್ಯುತ್ ವಿಳಂಬವನ್ನು ಸೇರಿಸಬೇಕು. ಆಗಲೇ ಅಳತೆಯ ಬುಡ ಆಂಟೆನಾದ ಬುಡಕ್ಕೆ ಬರುತ್ತದೆ.

ನಮ್ಮ ಕಡೆ ನೆಲವೂ ಕಟ್ಟೆಯೂ ಮೇಜಿನ ಹಲಗೆಯೂ ಶಹಾಬಾದ್ ಫರ್ಸಿ. ಆ ಸುಣ್ಣಕಲ್ಲಿನ ಮೇಲೆ ಬೋರ್ಡನ್ನು ನೇರವಾಗಿ ಇಟ್ಟು ಆಂಟೆನಾ ಟ್ಯೂನ್ ಮಾಡಿದರೆ ಕಲ್ಲು ಆಂಟೆನಾದ ಆವೃತ್ತಿಯನ್ನು ಕೆಳಗೆ ಎಳೆಯುತ್ತದೆ. ಅದನ್ನು ಸರಿಪಡಿಸಲೆಂದು ತಂತಿ ಕತ್ತರಿಸಿದ ಮೇಲೆ ಹೊಲದ ಗೂಟಕ್ಕೆ ಕಟ್ಟಿದಾಗ ಆವೃತ್ತಿ ಪಟ್ಟಿಯ ಮೇಲಕ್ಕೆ ಹೋಗಿ ಕುಳಿತಿರುತ್ತದೆ. ಬೋರ್ಡಿನ ಕೆಳಗೆ ಕನಿಷ್ಠ ಒಂದು ಗೇಣು ಎತ್ತರದ ಥರ್ಮಾಕೋಲ್ ಇಟ್ಟು, ಪೆಟ್ಟಿಗೆಯ ಮುಚ್ಚಳ ಹಾಕಿ, ಬ್ಯಾಟರಿ ಮತ್ತು ಸೆನ್ಸರ್ ತಂತಿ ಜೋಡಿಸಿಯೇ ಅಳೆಯಬೇಕು. ಪೆಟ್ಟಿಗೆ ಪ್ಲಾಸ್ಟಿಕ್ಕಿನದೇ ಆಗಿರಬೇಕು ಎಂದು ಬೇರೆ ಹೇಳಬೇಕಾಗಿಲ್ಲವಾದರೂ, ಕಪ್ಪು ಬಣ್ಣಕ್ಕೆಂದು ಇಂಗಾಲದ ಪುಡಿ ಹೆಚ್ಚು ಬೆರೆಸಿದ ಪ್ಲಾಸ್ಟಿಕ್ ಕೂಡ ಸಂಕೇತವನ್ನು ಹೀರಬಲ್ಲದು; ಬಿಳಿ ಅಥವಾ ತಿಳಿ ಬೂದು ಪೆಟ್ಟಿಗೆ ಈ ದೃಷ್ಟಿಯಿಂದಲೂ ಬಿಸಿಲಿನ ದೃಷ್ಟಿಯಿಂದಲೂ ಒಳ್ಳೆಯದು.

ಪಟ್ಟಿಯ ಅಗಲ ಎರಡು ಮೂರು ಮೆಗಾಹರ್ಟ್ಸ್ ಮಾತ್ರ, ಹಾಗಾಗಿ ಯಾವ ಆಂಟೆನಾ ಆದರೂ ಸಾಲುತ್ತದೆ ಎಂಬ ತಪ್ಪು ನಂಬಿಕೆ ಬೇಡ. ಜೂನ್‌ನಲ್ಲಿ ಬಿತ್ತಿದಾಗ ಬಯಲಲ್ಲಿ ನಿಂತಿದ್ದ ಗೂಟ ಅಕ್ಟೋಬರಿನ ಹೊತ್ತಿಗೆ ಎದೆಯೆತ್ತರದ ತೊಗರಿಯ ನಡುವೆ ಮುಳುಗಿರುತ್ತದೆ. ನೀರು ತುಂಬಿದ ಎಲೆಗಳು ಪೆಟ್ಟಿಗೆಗೆ ತಾಗಿದಾಗ ಆಂಟೆನಾದ ಆವೃತ್ತಿ ಕೆಳಗಿಳಿಯುತ್ತದೆ. ಆದ್ದರಿಂದ ರಿಟರ್ನ್ ಲಾಸ್ (ಆಂಟೆನಾ ಎಷ್ಟು ಕಡಿಮೆ ಪವರನ್ನು ಹಿಂದಿರುಗಿಸುತ್ತದೆ ಎಂಬ ಅಳತೆ) 10 ಡೆಸಿಬೆಲ್ಲಿಗಿಂತ ಉತ್ತಮವಾಗಿರುವ ಅಗಲ ಕನಿಷ್ಠ 15ರಿಂದ 20 ಮೆಗಾಹರ್ಟ್ಸ್ ಇರಲಿ, ಅದರ ನಡು 866ಕ್ಕಿಂತ ಸ್ವಲ್ಪ ಮೇಲಿರಲಿ. ತಂತಿಯನ್ನು ಮೊದಲು 95 ಮಿ.ಮೀ. ಇಟ್ಟು ಒಂದೊಂದು ಮಿಲಿಮೀಟರ್ ಕತ್ತರಿಸುತ್ತಾ ಬರುವುದು, ಉಳಿದ ವ್ಯತ್ಯಾಸವನ್ನು ಆಂಟೆನಾದ ಬುಡದಲ್ಲಿ ಮೊದಲೇ ಬಿಟ್ಟಿರುವ ಮೂರು ಪ್ಯಾಡುಗಳ ಪೈ ಜಾಲದಿಂದ (ಇಂಡಕ್ಟರ್, ಕೆಪ್ಯಾಸಿಟರುಗಳ ಹೊಂದಿಸುವ ಜಾಲ) ಸರಿಪಡಿಸುವುದು, ಇದೇ ಕ್ರಮ. ಆ ಪ್ಯಾಡುಗಳನ್ನು ಜಾಗ ಉಳಿಸಲೆಂದು ಕೈಬಿಟ್ಟ ಬೋರ್ಡನ್ನು ಮತ್ತೆ ಮುದ್ರಿಸಬೇಕಾಗುತ್ತದೆ. ಒಂದು ಎಚ್ಚರಿಕೆ: ಒಳ್ಳೆಯ ರಿಟರ್ನ್ ಲಾಸ್ ಎಂದರೆ ಒಳ್ಳೆಯ ದಕ್ಷತೆಯಲ್ಲ. ರೇಡಿಯೊ ಮಂಡಲಗಳಲ್ಲಿ ವಾಡಿಕೆಯ ತಡೆಯಾದ 50 ಓಮಿನ ರೆಸಿಸ್ಟರಿಗೂ ಅದ್ಭುತವಾದ ರಿಟರ್ನ್ ಲಾಸ್ ಇರುತ್ತದೆ. ಗೆರೆ ಅನುಮಾನ ಬರುವಷ್ಟು ಅಗಲವಾಗಿ, ಆಳವಾಗಿ ಕಂಡರೆ ಎಲ್ಲೋ ಶಕ್ತಿ ಶಾಖವಾಗುತ್ತಿದೆ ಎಂದು ತಿಳಿಯಬೇಕು, ಮತ್ತು ತಿಳಿದ ಆಂಟೆನಾ ಒಂದರ ಜೊತೆ ದೂರದ ಗೇಟ್‌ವೇಯ ಅಂಕಿಗಳನ್ನು ಹೋಲಿಸಬೇಕು.

ಎಷ್ಟು ಪವರ್ ಬೇಕು

ಅಡೆತಡೆಯಿಲ್ಲದ ಬಯಲಿನಲ್ಲಿ 5 ಕಿಲೋಮೀಟರಿಗೆ 866 ಮೆಗಾಹರ್ಟ್ಸಿನ ನಷ್ಟ ಸುಮಾರು 105 ಡೆಸಿಬೆಲ್. ಬೆಳೆ, ನೆಲದ ಸಾಮೀಪ್ಯ, ಬೇವಿನ ಮರಗಳ ಸಾಲು ಇವಕ್ಕೆಲ್ಲ ಇನ್ನೊಂದು 25ರಿಂದ 30 ಸೇರಿಸೋಣ. 22 ಡಿಬಿಎಂ (ಒಂದು ಮಿಲಿವ್ಯಾಟಿಗೆ ಹೋಲಿಸಿದ ಡೆಸಿಬೆಲ್ ಅಳತೆ; ಇದು ಸುಮಾರು 158 ಮಿಲಿವ್ಯಾಟ್) ಕೊಡುವ ಎಸ್‌ಎಕ್ಸ್1262 ಬಗೆಯ ಚಿಪ್, ಮೈನಸ್ 5 ಡೆಸಿಬೆಲ್ಲಿನ ಆಂಟೆನಾ ಇದ್ದರೆ ಗೇಟ್‌ವೇಯ ಆಂಟೆನಾಕ್ಕೆ ತಲುಪುವುದು ಮೈನಸ್ 113ರಿಂದ ಮೈನಸ್ 118 ಡಿಬಿಎಂ. ನಿಧಾನಗತಿಯ ಲೋರಾ ಇದಕ್ಕಿಂತ ಬಹಳ ಕೆಳಗಿನದನ್ನೂ ಕೇಳುತ್ತದೆ. ಅಂದರೆ ಬಹುತೇಕ ಹೊಲಗಳಿಗೆ ಹೊರಗಿನ ಆಂಪ್ಲಿಫೈಯರ್ ಬೇಡವೇ ಬೇಡ. ಚಿಂಚೋಳಿಯ ಗುಡ್ಡಗಳ ಮರೆಯಲ್ಲಿ, ಅಥವಾ ನೆಲಮಟ್ಟದಲ್ಲಿ ಹೂತಿಡಲೇಬೇಕಾದ ಪೆಟ್ಟಿಗೆಯಲ್ಲಿ, ಅಥವಾ ಪ್ರಸಾರದ ಅವಧಿಯನ್ನು ಕಡಿಮೆ ಮಾಡಲು ವೇಗದ ಗತಿ ಬೇಕಾದಾಗ ಅದು ಬೇಕಾಗುತ್ತದೆ. ಮುಂದಿನದು ಅಂಥ ಸಂದರ್ಭಕ್ಕೆ, 27 ಡಿಬಿಎಂ ಅಂದರೆ ಅರ್ಧ ವ್ಯಾಟ್ ಗುರಿಯಿಟ್ಟು.

ಆಂಪ್ಲಿಫೈಯರನ್ನು ಕೂರಿಸುವುದು

ಆಂಪ್ಲಿಫೈಯರಿನ ಟ್ರಾನ್ಸಿಸ್ಟರಿಗೆ 50 ಓಮ್ ಎಂಬುದು ಸಹಜವಾದ ಸಂಖ್ಯೆಯಲ್ಲ. ಅದಕ್ಕೆ ಬೇಕಾದ ಭಾರ (ಲೋಡ್, ಅಂದರೆ ಅದರ ಹೊರತುದಿಗೆ ಕಾಣಬೇಕಾದ ತಡೆ) ಸ್ಥೂಲವಾಗಿ, ಪೂರೈಕೆಯ ವೋಲ್ಟೇಜಿನ ವರ್ಗವನ್ನು ಬೇಕಾದ ಪವರಿನ ಎರಡರಷ್ಟರಿಂದ ಭಾಗಿಸಿದಾಗ ಬರುವಷ್ಟು. 3.3 ವೋಲ್ಟಿನಲ್ಲಿ 100 ಮಿಲಿವ್ಯಾಟಿಗೆ ಅದು ಸುಮಾರು 54 ಓಮ್, ಹಾಗಾಗಿ ಸಣ್ಣ ಚಿಪ್ಪುಗಳ ಜೊತೆ ಬದುಕು ಸುಲಭ. ಅರ್ಧ ವ್ಯಾಟಿಗೆ 11 ಓಮ್, ಒಂದು ವ್ಯಾಟಿಗೆ ಐದೂವರೆ ಓಮ್. ಪವರ್ ಏರಿದಷ್ಟೂ ಭಾರ ಇಳಿಯುತ್ತದೆ, ಹೊಂದಿಸುವ ಜಾಲ ಕಡಿದಾಗುತ್ತದೆ, ಅದರಲ್ಲಿನ ಇಂಡಕ್ಟರುಗಳ ನಷ್ಟ ಹೆಚ್ಚುತ್ತದೆ. ಇಲ್ಲಿ ಅಗ್ಗದ ಪದರದ ಇಂಡಕ್ಟರ್ ಬದಲು ತಂತಿ ಸುತ್ತಿದ ಇಂಡಕ್ಟರ್ ಹಾಕಿದರೆ ಆಗುವ ಖರ್ಚು ಬ್ಯಾಟರಿಯಲ್ಲಿ ಮರಳಿ ಬರುತ್ತದೆ. ತಯಾರಕರು ಭಾರವನ್ನು ಬದಲಿಸುತ್ತಾ ನೋಡುವ ಲೋಡ್‌ಪುಲ್ ಅಳತೆಯಿಂದ ಕೊಟ್ಟ ಭಾರವನ್ನೇ ಗುರಿಯಾಗಿ ಇಟ್ಟುಕೊಳ್ಳಬೇಕು. ಅತಿ ಹೆಚ್ಚು ಪವರ್ ಕೊಡುವ ಭಾರವೂ ಅತಿ ಹೆಚ್ಚು ದಕ್ಷತೆ ಕೊಡುವ ಭಾರವೂ ಬೇರೆ ಬೇರೆ, ಬ್ಯಾಟರಿಯ ಉಪಕರಣಕ್ಕೆ ಎರಡನೆಯದರ ಹತ್ತಿರ ನಿಲ್ಲುವುದು ಸರಿ.

ಆಂಪ್ಲಿಫೈಯರಿನ ನಂತರ ಹಾರ್ಮೋನಿಕ್‌ಗಳನ್ನು, ಅಂದರೆ ಮೂಲ ಆವೃತ್ತಿಯ ಎರಡು, ಮೂರು ಪಟ್ಟಿನ ಬೇಡದ ಸಂಕೇತಗಳನ್ನು, ತಡೆಯುವ ಫಿಲ್ಟರ್, ಅದರ ನಂತರ ಕಳುಹಿಸುವ ಮತ್ತು ಕೇಳುವ ದಾರಿಗಳನ್ನು ಬದಲಿಸುವ ಸ್ವಿಚ್, ಆಮೇಲೆ ಆಂಟೆನಾದ ಪೈ ಜಾಲ. 1732 ಮತ್ತು 2598 ಮೆಗಾಹರ್ಟ್ಸಿನ ಹಾರ್ಮೋನಿಕ್‌ಗಳನ್ನು ಆಂಟೆನಾವೇ ತಡೆಯುತ್ತದೆ ಎಂದು ನಂಬಬಾರದು. ಕಾಲು ತರಂಗದ ತಂತಿ ಮೂರನೆಯ ಹಾರ್ಮೋನಿಕ್‌ನಲ್ಲಿ ಮತ್ತೆ ಅನುರಣಿಸುತ್ತದೆ. ಸ್ವಿಚ್ ಕೂಡ ತಾನೇ ಸ್ವಲ್ಪ ಹಾರ್ಮೋನಿಕ್ ಹುಟ್ಟಿಸುವುದರಿಂದ ಅದರ ಪವರ್ ಸಹಿಷ್ಣುತೆ ಗುರಿಗಿಂತ ಸಾಕಷ್ಟು ಮೇಲಿರಬೇಕು.

ಬೋರ್ಡಿಗೆ ನಾಲ್ಕು ಪದರ ಇರಲಿ. 1.6 ಮಿ.ಮೀ. ದಪ್ಪದ ಎರಡು ಪದರದ ಎಫ್‌ಆರ್4 ಹಲಗೆಯಲ್ಲಿ 50 ಓಮಿನ ಗೆರೆಗೆ ಸುಮಾರು 3 ಮಿ.ಮೀ. ಅಗಲ ಬೇಕಾಗುತ್ತದೆ, ಸಣ್ಣ ಬೋರ್ಡಿನಲ್ಲಿ ಅದಕ್ಕೆ ಜಾಗವೇ ಇಲ್ಲ. ನಾಲ್ಕು ಪದರದಲ್ಲಿ ಗ್ರೌಂಡ್ 0.2 ಮಿ.ಮೀ. ಕೆಳಗೇ ಸಿಗುವುದರಿಂದ 0.35 ಮಿ.ಮೀ. ಆಸುಪಾಸಿನ ಗೆರೆ ಸಾಕು. ಆಂಪ್ಲಿಫೈಯರಿನ ಹೊಟ್ಟೆಯ ಪ್ಯಾಡಿನ ಕೆಳಗೆ ಹಿಡಿಸುವಷ್ಟೂ ವಯಾಗಳನ್ನು (ಪದರಗಳನ್ನು ಸೇರಿಸುವ ತಾಮ್ರದ ತೂತುಗಳನ್ನು) ಕೊರೆಯಬೇಕು: ಅವು ಶಾಖದ ದಾರಿಯೂ ಹೌದು, ಗ್ರೌಂಡಿನ ದಾರಿಯೂ ಹೌದು. ಅಂಚಿನುದ್ದಕ್ಕೂ ಹೊಲಿಗೆಯಂತೆ ಹಾಕುವ ವಯಾಗಳ ನಡುವಿನ ಅಂತರವನ್ನು ಮೂಲ ಆವೃತ್ತಿಗಲ್ಲ, ಐದನೆಯ ಹಾರ್ಮೋನಿಕ್‌ಗೆ ಲೆಕ್ಕ ಹಾಕಿದರೆ ಒಂದೂವರೆ ಮಿ.ಮೀ. ಬರುತ್ತದೆ. ಪೂರೈಕೆಯ ಕಾಲಿಗೆ ಅತಿ ಹತ್ತಿರ ಕೆಲವು ಹತ್ತು ಪಿಕೋಫ್ಯಾರಡಿನ ಕೆಪ್ಯಾಸಿಟರ್, ಅದರಾಚೆ ನ್ಯಾನೊಫ್ಯಾರಡಿನದು, ಅದರಾಚೆ ಮೈಕ್ರೊಫ್ಯಾರಡಿನದು. ಈ ಕ್ರಮ ತಿರುಗಿದರೆ ಚಿಕ್ಕ ಕೆಪ್ಯಾಸಿಟರ್ ಇದ್ದೂ ಇಲ್ಲದಂತೆ.

ಎರಡನ್ನೂ ಒಂದಾಗಿ ನೋಡುವುದು

ಆಂಪ್ಲಿಫೈಯರಿನ 11 ಓಮನ್ನು 50ಕ್ಕೆ ಏರಿಸಿ, ಮತ್ತೆ 50ರಿಂದ ಆಂಟೆನಾದ, ಹೇಳುವುದಾದರೆ, 20 ಓಮಿಗೆ ಇಳಿಸುವುದು ಎರಡು ಬಾರಿ ನಷ್ಟ ಕಟ್ಟಿದಂತೆ. ನೇರವಾಗಿ ಒಂದೇ ಜಾಲದಿಂದ ಹೊಂದಿಸಿದರೆ ಭಾಗಗಳೂ ಕಡಿಮೆ, ನಷ್ಟವೂ ಕಡಿಮೆ ಎಂಬ ವಾದ ನಿಜ. ಆದರೂ ಸಣ್ಣ ತಂಡಕ್ಕೆ ನಾನು ನಡುವೆ 50 ಓಮಿನ ಒಂದು ಬಿಂದುವನ್ನು ಉಳಿಸಿಕೊಳ್ಳಲು ಹೇಳುತ್ತೇನೆ. ಆ ಬಿಂದುವಿನಲ್ಲಿ ಒಂದು ಸೊನ್ನೆ ಓಮಿನ ತುಂಡು ತೆಗೆದರೆ ಎರಡೂ ಬದಿಯನ್ನು ಬೇರೆ ಬೇರೆ ಅಳೆಯಬಹುದು; ಅದಿಲ್ಲದಿದ್ದರೆ ತಪ್ಪು ಆಂಟೆನಾದ್ದೋ ಆಂಪ್ಲಿಫೈಯರಿನದೋ ಎಂದು ತಿಳಿಯಲು ದಾರಿಯೇ ಉಳಿಯುವುದಿಲ್ಲ. ಸ್ವಿಚ್ಚನ್ನು ಹಂಚಿಕೊಳ್ಳುವ ಕೇಳುವ ದಾರಿಗೂ 50 ಓಮ್ ಅನುಕೂಲ.

ಬೇರೆ ಬೇರೆ ಅಳೆದು ಎರಡೂ ಸರಿಯಿವೆ ಎಂದಾದ ಮೇಲೆಯೂ ಜೊತೆಯಾದಾಗ ಕೆಡಬಹುದು, ಮತ್ತು ಇದು ಹಲವರು ಮಾಡದೆ ಬಿಡುವ ಪರೀಕ್ಷೆ. ಆಂಟೆನಾದ ಸ್ಟ್ಯಾಂಡಿಂಗ್ ವೇವ್ ಅನುಪಾತ (ಹೊಂದಿಕೆ ಎಷ್ಟು ಕೆಟ್ಟಿದೆ ಎಂಬ ಅಳತೆ; 1 ಎಂದರೆ ಪೂರ್ಣ ಹೊಂದಿಕೆ) 3ಕ್ಕೆ ಹೋದರೆ ಶೇ. 25ರಷ್ಟು ಪವರ್ ಹಿಂದಿರುಗುತ್ತದೆ; ಅದು ಒಂದೂಕಾಲು ಡೆಸಿಬೆಲ್ ನಷ್ಟ, ಅಷ್ಟೇನೂ ದೊಡ್ಡದಲ್ಲ ಅನ್ನಿಸುತ್ತದೆ. ಆದರೆ ಆ ಹಿಂದಿರುಗಿದ ಅಲೆ ಯಾವ ಹಂತದಲ್ಲಿ (ಫೇಸ್) ಬರುತ್ತದೆ ಎಂಬುದರ ಮೇಲೆ ಆಂಪ್ಲಿಫೈಯರ್ ಕಾಣುವ ಭಾರ ಬಹಳ ಮೇಲಕ್ಕೂ ಬಹಳ ಕೆಳಕ್ಕೂ ಹೋಗುತ್ತದೆ: ಒಂದು ಹಂತದಲ್ಲಿ ಪವರ್ ಕುಸಿಯುತ್ತದೆ, ಇನ್ನೊಂದರಲ್ಲಿ ಪ್ರವಾಹ ಏರಿ ಬ್ಯಾಟರಿ ಬಳಲುತ್ತದೆ, ಮತ್ತೊಂದರಲ್ಲಿ ಆಂಪ್ಲಿಫೈಯರ್ ತಾನೇ ತಾನಾಗಿ ಆಂದೋಲಿಸಲು ಶುರುಮಾಡುತ್ತದೆ. ಪರೀಕ್ಷಿಸುವ ಅಗ್ಗದ ದಾರಿ ಇದು: ಆಂಟೆನಾದ ಜಾಗಕ್ಕೆ ಸಂಕೇತವನ್ನು 3 ಡೆಸಿಬೆಲ್ ತಗ್ಗಿಸುವ ಅಟೆನ್ಯುಯೇಟರ್ ಹಾಕಿ, ಅದರ ಆಚೆ ತುದಿ ತೆರೆದ ಕೋಆಕ್ಸ್ ತುಂಡುಗಳನ್ನು ಒಂದಾದ ಮೇಲೊಂದು ಜೋಡಿಸಬೇಕು, ಪ್ರತಿಯೊಂದು ಹಿಂದಿನದಕ್ಕಿಂತ 30 ಮಿ.ಮೀ. ಉದ್ದ. ಹೋಗಿಬರುವ ದಾರಿಯಲ್ಲಿ 6 ಡೆಸಿಬೆಲ್ ಕಳೆದು ಅನುಪಾತ 3 ಆಗುತ್ತದೆ, ನಾಲ್ಕು ತುಂಡುಗಳಲ್ಲಿ ಹಂತ ಒಂದು ಪೂರ್ಣ ಸುತ್ತು ತಿರುಗುತ್ತದೆ. ಪ್ರತಿ ತುಂಡಿಗೂ ಪೂರೈಕೆಯ ಪ್ರವಾಹ ಬರೆದುಕೊಂಡು, ಪಕ್ಕದಲ್ಲಿ ಹಿಡಿದ ಸಣ್ಣ ಪ್ರೋಬಿನಿಂದ ಸ್ಪೆಕ್ಟ್ರಮ್ ನೋಡಬೇಕು. ಯಾವುದೋ ಒಂದು ಉದ್ದದಲ್ಲಿ ಪ್ರವಾಹ ವಿಪರೀತ ಏರಿದರೆ, ಆಂಟೆನಾ ತೊಂದರೆ ಕೊಡುವ ಹಂತ ಅದಾಗದಂತೆ ನಡುವಿನ ಗೆರೆಯ ಉದ್ದವನ್ನು ಬದಲಿಸಬಹುದು. ಕೊನೆಗೆ ಅಟೆನ್ಯುಯೇಟರನ್ನೂ ತೆಗೆದು, ಆಂಟೆನಾ ಇಲ್ಲದೆಯೇ ಕೆಲವು ಪ್ಯಾಕೆಟ್ ಕಳುಹಿಸಿ ನೋಡಬೇಕು. ಎತ್ತು ತಾಗಿಯೋ ಕುಂಟೆಯ ಹಗ್ಗ ಸಿಕ್ಕಿಯೋ ಹೊಲದಲ್ಲಿ ಆಂಟೆನಾ ಮುರಿಯುವ ದಿನ ಬಂದೇ ಬರುತ್ತದೆ, ಆ ದಿನ ಆಂಪ್ಲಿಫೈಯರ್ ಉಳಿಯಬೇಕು.

ನಮ್ಮ ಬೇಸಿಗೆಯ ಲೆಕ್ಕ

ಅರ್ಧ ವ್ಯಾಟ್ ಹೊರಗೆ ಕಳುಹಿಸುವ ಆಂಪ್ಲಿಫೈಯರಿನ ದಕ್ಷತೆ ಶೇ. 40 ಎಂದಾದರೆ ಅದು 1.25 ವ್ಯಾಟ್ ತಿಂದು 0.75 ವ್ಯಾಟನ್ನು ಶಾಖ ಮಾಡುತ್ತದೆ. ಕಲಬುರಗಿಯಲ್ಲೂ ಯಾದಗಿರಿಯಲ್ಲೂ ಏಪ್ರಿಲ್, ಮೇ ತಿಂಗಳ ನೆರಳಿನ ಉಷ್ಣತೆಯೇ 42 ಡಿಗ್ರಿ ದಾಟುತ್ತದೆ. ಬಿಸಿಲಿಗೆ ನಿಂತ ಮುಚ್ಚಿದ ಪೆಟ್ಟಿಗೆಯ ಒಳಗೆ 60 ದಾಟುತ್ತದೆ ಎಂದೇ ಲೆಕ್ಕ ಹಿಡಿಯಬೇಕು. ಹದಿನೈದು ನಿಮಿಷಕ್ಕೊಮ್ಮೆ ಪ್ರಸಾರ, ಸರಾಸರಿ ಶಾಖ ಏನೂ ಇಲ್ಲ ಎಂದು ಸಮಾಧಾನಪಟ್ಟರೆ ಎಡವುತ್ತೇವೆ, ಏಕೆಂದರೆ ನಿಧಾನಗತಿಯ ಲೋರಾ ಪ್ಯಾಕೆಟ್ ಒಂದು ಸೆಕೆಂಡಿಗೂ ಹೆಚ್ಚು ಹೊತ್ತು ಇರುತ್ತದೆ, ಆ ಒಂದೇ ಪ್ಯಾಕೆಟ್ಟಿನೊಳಗೆ ಶಾಖ ತಾಮ್ರದಲ್ಲಿ ಹರಿದು ಆವೃತ್ತಿಯನ್ನು ಕಾಯುವ ಕ್ರಿಸ್ಟಲ್‌ಗೆ ತಲುಪಿ ಆವೃತ್ತಿಯನ್ನು ಜಾರಿಸುತ್ತದೆ, ಗೇಟ್‌ವೇ ಪ್ಯಾಕೆಟ್ಟಿನ ಮೊದಲ ಭಾಗ ಹಿಡಿದು ಕೊನೆಯದನ್ನು ಕಳೆದುಕೊಳ್ಳುತ್ತದೆ. ಉಷ್ಣತೆಗೆ ತನ್ನನ್ನು ಸರಿಹೊಂದಿಸಿಕೊಳ್ಳುವ ಕ್ರಿಸ್ಟಲ್ ಆಂದೋಲಕವಾದ ಟಿಸಿಎಕ್ಸ್‌ಒ ಬಳಸಿ, ಅದನ್ನು ಆಂಪ್ಲಿಫೈಯರಿನಿಂದ ಸಾಧ್ಯವಾದಷ್ಟು ದೂರ ಇಟ್ಟು, ಸುತ್ತಲಿನ ತಾಮ್ರದಲ್ಲಿ ಸೀಳು ಬಿಟ್ಟರೆ ಇದು ನಿಲ್ಲುತ್ತದೆ.

ಬ್ಯಾಟರಿಯ ಕಡೆಗೂ ಒಂದು ನೋಟ ಬೇಕು. 1.25 ವ್ಯಾಟ್ ಎಂದರೆ 3.3 ವೋಲ್ಟಿನಲ್ಲಿ ಸುಮಾರು 380 ಮಿಲಿಆಂಪಿಯರ್. ಉದ್ದ ಬಾಳಿಕೆಯ ಲಿಥಿಯಂ ಥಯೊನಿಲ್ ಕ್ಲೋರೈಡ್ ಕೋಶ ತಿಂಗಳುಗಟ್ಟಲೆ ಸುಮ್ಮನಿದ್ದ ಮೇಲೆ ಈ ಹೊಡೆತವನ್ನು ಒಮ್ಮೆಗೇ ತಾಳುವುದಿಲ್ಲ, ವೋಲ್ಟೇಜ್ ಕುಸಿದು ಚಿಪ್ ಮರುಪ್ರಾರಂಭವಾಗುತ್ತದೆ. ಅದರ ಜೊತೆ ಹೊಡೆತ ತಾಳುವ ದೊಡ್ಡ ಕೆಪ್ಯಾಸಿಟರ್ ಇರಲೇಬೇಕು. ಸೌರಫಲಕದ ಜೊತೆ ಲಿಥಿಯಂ ಅಯಾನ್ ಇಟ್ಟರೆ, ಸಾಮಾನ್ಯ ಕೋಶಗಳನ್ನು 45 ಡಿಗ್ರಿಯ ಮೇಲೆ ಚಾರ್ಜ್ ಮಾಡಬಾರದು ಎಂಬುದನ್ನು ನೆನಪಿಟ್ಟು, ಮಧ್ಯಾಹ್ನ ಚಾರ್ಜಿಂಗ್ ತಾನೇ ನಿಲ್ಲುವಂತೆ ಮಾಡಬೇಕು.

ಕೊನೆಯ ಅಳತೆ ಹೊಲದಲ್ಲಿಯೇ. ಎರಡು ನೋಡ್ ತಯಾರಿಸಿ, ಒಂದಕ್ಕೆ ಮಾತ್ರ ಹೊರಗಿನ ಆಂಪ್ಲಿಫೈಯರ್ ಹಾಕಿ, ಒಂದೇ ಗೂಟದ ಮೇಲೆ ಒಂದಾದ ನಂತರ ಒಂದನ್ನು ಇಟ್ಟು, ಗೇಟ್‌ವೇ ದಾಖಲಿಸುವ ಸಂಕೇತದ ಬಲವನ್ನು ಬರೆದುಕೊಳ್ಳಬೇಕು. ಬೆಳಗಿನ ತಂಪಿನಲ್ಲಿ ಒಮ್ಮೆ, ಮಧ್ಯಾಹ್ನ ಎರಡು ಗಂಟೆಗೆ ಒಮ್ಮೆ, ಮಣ್ಣಿಗೆ ಎರಡು ಕೊಡ ನೀರು ಸುರಿದು ಒಮ್ಮೆ, ಹಸಿ ತೊಗರಿ ಸೊಪ್ಪನ್ನು ಪೆಟ್ಟಿಗೆಗೆ ಸುತ್ತಿ ಒಮ್ಮೆ. 22ರಿಂದ 27 ಡಿಬಿಎಂಗೆ ಏರಿಸಿದ್ದಕ್ಕೆ 5 ಡೆಸಿಬೆಲ್ ವ್ಯತ್ಯಾಸ ಕಾಣಬೇಕು. ನಾಲ್ಕರಲ್ಲಿ ಯಾವುದೇ ಸ್ಥಿತಿಯಲ್ಲಿ ಅದು 2 ಅಥವಾ 3ಕ್ಕೆ ಇಳಿದಿದ್ದರೆ ಆಂಪ್ಲಿಫೈಯರ್ ಆ ಸ್ಥಿತಿಯ ಆಂಟೆನಾವನ್ನು ತಾಳುತ್ತಿಲ್ಲ ಎಂದರ್ಥ. ಬೋರ್ಡನ್ನು ಮೇಜಿಗೆ ತಂದು, ಸೊನ್ನೆ ಓಮಿನ ತುಂಡು ತೆಗೆದು, ಅದೇ ಸೊಪ್ಪನ್ನು ಸುತ್ತಿಕೊಂಡೇ ಆಂಟೆನಾವನ್ನು ಮತ್ತೆ ಅಳೆಯಬೇಕು.